ಡೆಕಾಟ್ರಾನ್ ಚುಕ್ಕಿ ಮುಂದೆ ಹೋಗದಿದ್ದರೆ: ಜಿಸಿ10ಬಿ ಟ್ಯೂಬಿನ ದೋಷ ಹುಡುಕುವ ಬಗೆ

ಡೆಕಾಟ್ರಾನ್ ಅಂದರೆ ಎಣಿಸುವ ಗಾಜಿನ ಟ್ಯೂಬ್. ಒಂದೊಂದು ಪಲ್ಸಿಗೂ ಅದರೊಳಗಿನ ಹೊಳೆಯುವ ಚುಕ್ಕಿ ಒಂದೊಂದು ಅಂಕಿ ಮುಂದೆ ಸರಿಯುತ್ತದೆ. ನನ್ನ ಸೆಟ್ಟಿನ ಹತ್ತರ ಸ್ಥಾನದ ಟ್ಯೂಬಿನಲ್ಲಿ ಚುಕ್ಕಿ ಆರರವರೆಗೆ ಸಲೀಸಾಗಿ ಬರುತ್ತಿತ್ತು. ಅಲ್ಲಿಂದ ಏಳಕ್ಕೆ ಹೋಗಲು ಒದ್ದಾಡುತ್ತಿತ್ತು. ಅರ್ಧ ಹೆಜ್ಜೆ ಮುಂದಿಟ್ಟು ಮತ್ತೆ ಆರಕ್ಕೇ ವಾಪಸ್. ಯಾರು ನೋಡಿದರೂ ‘ಟ್ಯೂಬ್ ಹೋಗಿದೆ’ ಅನ್ನುವ ಲಕ್ಷಣ. ನಾನೂ ಹಾಗೇ ಅಂದುಕೊಂಡೆ. ಇಂಗ್ಲೆಂಡಿನಿಂದ ಇನ್ನೊಂದು ತರಿಸಿದೆ, ಐದು ವಾರ ಕಾದೆ, ಹಾಕಿದೆ. ಅದು ಎರಡರ ಹತ್ತಿರ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು. ತಪ್ಪು ಇದ್ದದ್ದು ಟ್ಯೂಬಿನಲ್ಲಿ ಅಲ್ಲ, ಅದರ ಆನೋಡಿಗೆ ಹೋಗುವ ಒಂದು ಕಾರ್ಬನ್ ರೆಸಿಸ್ಟರಿನಲ್ಲಿ.

ಆ ಹಳೇ ಟ್ಯೂಬ್ ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ಈ ಟ್ಯೂಬುಗಳ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಉಳಿದಿರುವುದು ಉಳಿದಷ್ಟೇ. ಅದಕ್ಕೇ ಒಂದನ್ನು ‘ಸತ್ತಿದೆ’ ಅಂತ ಪಕ್ಕಕ್ಕಿಡುವ ಮೊದಲು ಏನೇನು ನೋಡಬೇಕು ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ನನ್ನದು ಹಳೇ ಬ್ರಿಟಿಷ್ ಸ್ಕೇಲರ್. ವಿಕಿರಣ ಪತ್ತೆಹಚ್ಚುವ ಗೈಗರ್ ಟ್ಯೂಬಿನಿಂದ ಬರುವ ಪಲ್ಸುಗಳನ್ನು ಎಣಿಸುವ ಪೆಟ್ಟಿಗೆ ಅದು. ಒಂದು ಕಾಲೇಜಿನ ಲ್ಯಾಬಿನವರು ಹಳೇ ಸಾಮಾನು ಮಾರಿದಾಗ ನನ್ನ ಕೈಗೆ ಬಂತು. ಮುಂದುಗಡೆ ನಾಲ್ಕು ಡೆಕಾಟ್ರಾನ್. ನಾಲ್ಕೂ ಜಿಸಿ10ಬಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಹತ್ತಿರದ ಬೀಸ್ಟನ್‌ನಲ್ಲಿದ್ದ ಎರಿಕ್ಸನ್ ಟೆಲಿಫೋನ್ಸ್ ಕಂಪನಿಯವು. ಡೆಕಾಟ್ರಾನ್ ಹುಟ್ಟಿದ್ದೂ ಅಲ್ಲೇ, 1950ರ ಆಸುಪಾಸಿನಲ್ಲಿ. ಕೆಳಗೆ ಕೊಟ್ಟಿರುವ ಅಂಕಿಗಳೆಲ್ಲ ಜಿಸಿ10ಬಿಗೆ ಹೊಂದುವಂಥವು. ನಿಮ್ಮದು ಬೇರೆ ಮಾದರಿಯಾದರೆ ಅದರ ಡೇಟಾ ಶೀಟ್ ನೋಡಿ. ಹುಡುಕುವ ಕ್ರಮ ಮಾತ್ರ ಇದೇ.

ಒಳಗೆ ಏನಾಗುತ್ತಿದೆ

ಇದು ಗೊತ್ತಿಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಟ್ಯೂಬಿನ ತಲೆಯ ಮೇಲಿಂದ ನೋಡಿ. ನಡುವೆ ಒಂದು ದುಂಡನೆಯ ತಟ್ಟೆ. ಅದು ಆನೋಡ್. ಅದರ ಸುತ್ತ 30 ಸಣ್ಣ ಕಡ್ಡಿಗಳು ನಿಂತಿರುತ್ತವೆ. ಅವುಗಳಲ್ಲಿ ಹತ್ತು ಮುಖ್ಯ ಕ್ಯಾಥೋಡ್, ಅಂದರೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು. ಪ್ರತಿ ಎರಡು ಅಂಕಿಗಳ ಮಧ್ಯೆ ಎರಡೆರಡು ‘ಗೈಡ್’ ಕಡ್ಡಿ. ಮೊದಲನೆಯವು ಹತ್ತೂ ಸೇರಿ ಒಂದು ತಂತಿ, ಎರಡನೆಯವು ಹತ್ತೂ ಸೇರಿ ಇನ್ನೊಂದು ತಂತಿ.

ಒಳಗಿರುವುದು ನಿಯಾನ್ ಅನಿಲ. ಉರಿಯುತ್ತಿರುವ ಕಡ್ಡಿಯ ಸುತ್ತ ಅನಿಲ ಅಯಾನುಗಳಿಂದ ತುಂಬಿರುತ್ತದೆ. ಹಾಗಾಗಿ ಅದರ ಪಕ್ಕದ ಕಡ್ಡಿ ಹೊತ್ತಿಕೊಳ್ಳುವುದು ಸುಲಭ, ದೂರದ್ದು ಕಷ್ಟ. ಮೊದಲ ಗೈಡನ್ನು ನೆಗೆಟಿವ್ ಕಡೆಗೆ ಎಳೆದರೆ ಚುಕ್ಕಿ ಅದರ ಮೇಲೆ ಹಾರುತ್ತದೆ. ಆಮೇಲೆ ಎರಡನೆಯದನ್ನು ಎಳೆದರೆ ಅದರ ಮೇಲೆ. ಎರಡನ್ನೂ ಬಿಟ್ಟರೆ ಹತ್ತಿರದ ಮುಖ್ಯ ಕ್ಯಾಥೋಡಿಗೆ, ಅಂದರೆ ಮುಂದಿನ ಅಂಕಿಗೆ. ಕುಂಟೆಬಿಲ್ಲೆಯಲ್ಲಿ ಒಂದೊಂದೇ ಮನೆ ದಾಟಿದ ಹಾಗೆ. ಮೂರು ಜಿಗಿತಕ್ಕೆ ಒಂದು ಎಣಿಕೆ. ಗೈಡುಗಳ ಸರದಿ ಅದಲು ಬದಲಾದರೆ ಚುಕ್ಕಿ ಹಿಂದಕ್ಕೆ ಓಡುತ್ತದೆ. ಅದು ದೋಷವಲ್ಲ, ಕಳೆಯುವ ಲೆಕ್ಕಕ್ಕೆ ಬೇಕೆಂದೇ ಇಟ್ಟ ಗುಣ. ಆದರೆ ರಿಪೇರಿ ಆದಮೇಲೆ ಚುಕ್ಕಿ ಉಲ್ಟಾ ತಿರುಗಿದರೆ ಎರಡು ಗೈಡ್ ತಂತಿ ಅದಲು ಬದಲಾಗಿವೆ ಅಂತಲೇ ತಿಳಿಯಿರಿ.

ಮುಟ್ಟುವ ಮೊದಲು

ಇದರಲ್ಲಿ ಓಡುವುದು 475 ವೋಲ್ಟ್ ಡಿಸಿ. ಸುಮ್ನೆ ಹೇಳುತ್ತಿಲ್ಲ, ಪ್ರಾಣ ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ ಚಾರ್ಜ್ ನಿಂತಿರುತ್ತದೆ. ಅದನ್ನು ಇಳಿಸಲು ಇರುವ ಬ್ಲೀಡರ್ ರೆಸಿಸ್ಟರ್ ಹಳೇ ಸೆಟ್ಟುಗಳಲ್ಲಿ ಒಡೆದುಹೋಗಿರುವುದೂ ಉಂಟು. 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರಿಗೆ ಚೆನ್ನಾಗಿ ಇನ್ಸುಲೇಶನ್ ಇರುವ ಎರಡು ಕ್ಲಿಪ್ ಹಾಕಿಟ್ಟುಕೊಳ್ಳಿ. ಪ್ಲಗ್ ಕಿತ್ತು, ಕೆಪಾಸಿಟರಿನ ಎರಡು ತುದಿಗೆ ಅದನ್ನು ಹಿಡಿದು, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೇ ಕೈ ಹಾಕಿ. ಕರೆಂಟ್ ಇರುವಾಗ ಅಳೆಯುವುದಾದರೆ ಒಂದು ಕೈ ಬೆನ್ನ ಹಿಂದೆ. ಮನೆಯಲ್ಲಿ ಇನ್ನೊಬ್ಬರು ಎಚ್ಚರವಾಗಿರುವಾಗ ಮಾತ್ರ ಈ ಕೆಲಸ ಮಾಡಿ.

ಮೊದಲು ಕಣ್ಣು, ಆಮೇಲೆ ಮೀಟರ್

ಡೆಕಾಟ್ರಾನಿನ ಒಂದು ದೊಡ್ಡ ಅನುಕೂಲ ಏನೆಂದರೆ, ಒಳಗೆ ನಡೆಯುವುದು ಹೊರಗೆ ಕಾಣುತ್ತದೆ. ಟ್ರಾನ್ಸಿಸ್ಟರ್ ಕೌಂಟರಿನಲ್ಲಿ ಈ ಭಾಗ್ಯ ಇಲ್ಲ. ಒಂದು ಭೂತಗನ್ನಡಿ ತೆಗೆದುಕೊಳ್ಳಿ. ಪಲ್ಸುಗಳನ್ನು ಸೆಕೆಂಡಿಗೆ ಒಂದರಂತೆ ನಿಧಾನವಾಗಿ ಕೊಡಿ. ಚುಕ್ಕಿ ನಿಂತಾಗ ಅದು ಯಾವ ಕಡ್ಡಿಯ ಮೇಲೆ ನಿಂತಿದೆ ನೋಡಿ. ಅಂಕಿಯ ಕಡ್ಡಿಯ ಮೇಲಾ, ಮೊದಲ ಗೈಡಿನ ಮೇಲಾ, ಎರಡನೆಯದರ ಮೇಲಾ? ಅರ್ಧ ಪತ್ತೆ ಇಲ್ಲೇ ಮುಗಿಯುತ್ತದೆ.

ಒಂದು ಸಣ್ಣ ವಿಷಯ. ಅಂಕಿ ಬರೆದಿರುವ ಬಿಲ್ಲೆ ಟ್ಯೂಬಿನ ಭಾಗವಲ್ಲ, ಪ್ಯಾನೆಲ್ಲಿಗೆ ಸೇರಿದ್ದು. ಸ್ಕ್ರೂ ಸಡಿಲವಾಗಿ ಅದು ಸ್ವಲ್ಪ ತಿರುಗಿದ್ದರೆ ಎಲ್ಲ ಅಂಕಿಯಲ್ಲೂ ಚುಕ್ಕಿ ‘ಮಧ್ಯದಲ್ಲಿ’ ನಿಂತ ಹಾಗೆ ಕಾಣುತ್ತದೆ. ರಿಸೆಟ್ ಒತ್ತಿ. ಚುಕ್ಕಿ ಎಲ್ಲಿ ನಿಲ್ಲುತ್ತದೋ ಅದೇ ನಿಜವಾದ ಸೊನ್ನೆ.

ಬಣ್ಣವನ್ನೂ ಗಮನಿಸಿ. ಜಿಸಿ10ಬಿಯ ಚುಕ್ಕಿ ಕೆಂಡದ ಹಾಗೆ ಕಿತ್ತಳೆಗೆಂಪು. ಆರ್ಗಾನ್ ತುಂಬಿದ ಬೇರೆ ಜಾತಿಯ ಟ್ಯೂಬುಗಳು ನೇರಳೆ ಬಣ್ಣದಲ್ಲಿ ಉರಿಯುತ್ತವೆ. ಅದು ಅವುಗಳ ಸಹಜ ಬಣ್ಣ. ನಿಯಾನ್ ಟ್ಯೂಬೇ ನೇರಳೆಗೆ ತಿರುಗಿದ್ದರೆ ಗಾಜಿನ ಸೀಲ್ ಬಿಟ್ಟು ಗಾಳಿ ಒಳಗೆ ಹೋಗಿರಬಹುದು. ಅದಕ್ಕೆ ಔಷಧಿ ಇಲ್ಲ.

ಚುಕ್ಕಿಯೇ ಇಲ್ಲ ಅಂದರೆ

ಕತ್ತಲಲ್ಲಿ ಹೊತ್ತಿಕೊಳ್ಳಲು ಇವು ತಡಮಾಡುತ್ತವೆ. ಮೊದಲ ಕಿಡಿ ಹುಟ್ಟಲು ಅನಿಲದಲ್ಲಿ ಒಂದೆರಡು ಬಿಡಿ ಎಲೆಕ್ಟ್ರಾನ್ ಬೇಕು, ಬೆಳಕು ಅದನ್ನು ಒದಗಿಸುತ್ತದೆ. ಒಂದು ರಾತ್ರಿ ಲೈಟ್ ಆರಿಸಿ, ಚುಕ್ಕಿಗಳ ಅಂದ ನೋಡೋಣ ಅಂತ ಸ್ವಿಚ್ ಹಾಕಿದೆ. ಮೂರು ಹೊತ್ತಿದವು, ನಾಲ್ಕನೆಯದು ಕಪ್ಪಾಗೇ ಇತ್ತು. ಟಾರ್ಚ್ ಬಿಟ್ಟ ತಕ್ಷಣ ಅದೂ ಹೊತ್ತಿಕೊಂಡಿತು. ನೀವೂ ಮೊದಲು ಇದನ್ನೇ ಮಾಡಿ.

ಟಾರ್ಚಿಗೂ ಬಗ್ಗದಿದ್ದರೆ ಎಚ್‌ಟಿ ವೋಲ್ಟೇಜ್ (ಆ 475 ವೋಲ್ಟಿನ ಸಪ್ಲೈ) ಅಳೆಯಿರಿ. ಎಸಿಯನ್ನು ಡಿಸಿ ಮಾಡಲು ಹಳೇ ಸೆಲೆನಿಯಂ ರೆಕ್ಟಿಫೈಯರ್ ಇರುವ ಸೆಟ್ಟಾದರೆ ಅದು ವಯಸ್ಸಾದಂತೆ ಸೊರಗುತ್ತದೆ. 475 ಇರಬೇಕಾದ ಕಡೆ 380 ಕಂಡರೆ ಆಶ್ಚರ್ಯವಿಲ್ಲ. ಟ್ರಾನ್ಸ್‌ಫಾರ್ಮರಿನ ಮೇನ್ಸ್ ಟ್ಯಾಪ್ ಯಾವುದಕ್ಕೆ ಹಾಕಿದೆ ಅನ್ನುವುದನ್ನೂ ನೋಡಿ. ಎಚ್‌ಟಿ ಸರಿಯಿದ್ದು, ಸಾಕೆಟ್ಟಿನ ಕಾಲುಗಳೂ ಚೊಕ್ಕವಾಗಿದ್ದು, ಆನೋಡ್ ರೆಸಿಸ್ಟರ್ ಒಡೆದಿಲ್ಲ ಅಂತ ಖಾತ್ರಿಯಾಗಿ, ಆಗಲೂ ಟ್ಯೂಬ್ ಕಪ್ಪಾಗಿದ್ದರೆ ಮಾತ್ರ ಅದನ್ನು ಅನುಮಾನಿಸಿ.

ಆನೋಡ್ ಕರೆಂಟ್: ನನ್ನನ್ನು ಐದು ವಾರ ಕಾಯಿಸಿದ ತಪ್ಪು

ಜಿಸಿ10ಬಿಗೆ ಬೇಕಾದ ಕರೆಂಟ್ ಸುಮಾರು 0.3 ಮಿಲಿಆಂಪ್. 0.25ಕ್ಕಿಂತ ಕಡಿಮೆಯಾದರೆ ಚುಕ್ಕಿ ಮಂಕಾಗಿ, ಜಿಗಿಯುವ ಶಕ್ತಿ ಕಳೆದುಕೊಳ್ಳುತ್ತದೆ. 0.55 ದಾಟಿದರೆ ಅಕ್ಕಪಕ್ಕದ ಕಡ್ಡಿಗೂ ಹರಡುತ್ತದೆ, ಟ್ಯೂಬಿನ ಆಯಸ್ಸೂ ಸವೆಯುತ್ತದೆ. 475 ವೋಲ್ಟ್ ಸಪ್ಲೈಗೆ ಸಾಮಾನ್ಯವಾಗಿ 820 ಕಿಲೋ ಓಮ್ ಹಾಕಿರುತ್ತಾರೆ. ಟ್ಯೂಬ್ ಉರಿಯುವಾಗ ಅದರ ಅಡ್ಡಕ್ಕೆ ಸುಮಾರು 190 ವೋಲ್ಟ್ ಇರುತ್ತದೆ. ಉಳಿದ 285 ರೆಸಿಸ್ಟರಿನ ಪಾಲು. 285 ಭಾಗಿಸು 820 ಕಿಲೋ, ಅಂದರೆ ಹತ್ತಿರಹತ್ತಿರ 0.35 ಮಿಲಿಆಂಪ್. ಸರಿಯಾಗಿದೆ ಅಲ್ವಾ?

ನಾನೂ ಇದನ್ನೇ ಮಾಡಿದ್ದೆ. ರೆಸಿಸ್ಟರಿನ ಎರಡು ತುದಿಗೆ ಮೀಟರ್ ಹಿಡಿದೆ, 285 ವೋಲ್ಟ್ ಬಂತು. ‘ಕರೆಂಟ್ ಸರಿಯಿದೆ, ಹಾಗಾದರೆ ಟ್ಯೂಬೇ ಹೋಗಿದೆ’ ಅಂತ ತೀರ್ಮಾನಿಸಿದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ರೆಸಿಸ್ಟರಿನ ಮೈಮೇಲಿನ ಬಣ್ಣದ ಪಟ್ಟಿ ನಂಬಿದ್ದರಲ್ಲಿ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಉರಿಯುತ್ತಿರುವ ಅನಿಲದ ಟ್ಯೂಬ್ ತನ್ನ ವೋಲ್ಟೇಜನ್ನು ಹೆಚ್ಚುಕಡಿಮೆ ಬದಲಿಸುವುದಿಲ್ಲ. ಕರೆಂಟ್ ಜಾಸ್ತಿಯಾಗಲಿ ಕಡಿಮೆಯಾಗಲಿ, 190ರ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ರೆಸಿಸ್ಟರಿನ ಮೇಲೆ ಯಾವಾಗಲೂ ಉಳಿದ 285 ವೋಲ್ಟೇ ಕಾಣುತ್ತದೆ. ರೆಸಿಸ್ಟರ್ 820 ಕಿಲೋ ಇದ್ದರೂ ಅಷ್ಟೇ, ಕಾಲಕ್ರಮೇಣ 1.3 ಮೆಗ್ (1,300 ಕಿಲೋ) ಆಗಿದ್ದರೂ ಅಷ್ಟೇ. ಆ ಅಳತೆ ಎಚ್‌ಟಿ ಸರಿಯಿದೆ ಅಂತ ಹೇಳುತ್ತದೆಯೇ ಹೊರತು ಕರೆಂಟಿನ ಬಗ್ಗೆ ಏನೂ ಹೇಳುವುದಿಲ್ಲ. ನನ್ನದು 1.3 ಮೆಗ್ ಆಗಿತ್ತು. ನಿಜವಾದ ಕರೆಂಟ್ ಬರೀ 0.22 ಮಿಲಿಆಂಪ್. ಹಳೇ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರುಗಳು ಹೀಗೆ ಮೇಲಕ್ಕೇರುವುದು ಮಾಮೂಲು.

ಆದ್ದರಿಂದ ಪ್ಲಗ್ ಕಿತ್ತು, ಚಾರ್ಜ್ ಇಳಿಸಿ, ಟ್ಯೂಬ್ ತೆಗೆದು, ರೆಸಿಸ್ಟರಿನ ಒಂದು ಕಾಲು ಬಿಚ್ಚಿ ಓಮ್ ಅಳೆಯಿರಿ. ಬೇರೆ ದಾರಿ ಇಲ್ಲ.

ಹೊಸದು ಹಾಕುವಾಗ ಇನ್ನೊಂದು ಎಚ್ಚರ. ಈಗ ಅಂಗಡಿಯಲ್ಲಿ ಸಿಗುವ ಕಾಲು ವ್ಯಾಟ್ ಕಾರ್ಬನ್ ಫಿಲ್ಮ್ ರೆಸಿಸ್ಟರ್ ಸಾಮಾನ್ಯವಾಗಿ 250 ವೋಲ್ಟ್ ತಡೆಯುವಂಥದ್ದು. ಶಾಖದ ಲೆಕ್ಕದಲ್ಲಿ ಅದು ಸಾಕು, ವೋಲ್ಟೇಜ್ ಲೆಕ್ಕದಲ್ಲಿ ಸಾಲದು. 470 ಕಿಲೋ ಮತ್ತು 330 ಕಿಲೋ, ಎರಡನ್ನು ಸಾಲಾಗಿ ಹಾಕಿ. 800 ಕಿಲೋ ಆಗುತ್ತದೆ, ವೋಲ್ಟೇಜೂ ಹಂಚಿಹೋಗುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಟೀ ದುಡ್ಡಿಗೆ ಎರಡೂ ಸಿಗುತ್ತವೆ. ಸಾಕೆಟ್ಟಿನ ಕಾಲಿಗೆ ತೀರಾ ಹತ್ತಿರದಲ್ಲೇ ಬೆಸುಗೆ ಹಾಕಿ. ಆನೋಡ್ ಕಡೆ ಉದ್ದ ತಂತಿ ಬಿಟ್ಟರೆ ಅದರ ಕೆಪಾಸಿಟೆನ್ಸ್ ಚುಕ್ಕಿಯ ಜಿಗಿತವನ್ನು ಕೆಡಿಸುತ್ತದೆ. ಇದೇ ಕಾರಣಕ್ಕೆ ಎಣಿಕೆ ನಡೆಯುತ್ತಿರುವಾಗ ಆನೋಡ್ ಕಾಲಿಗೆ ಮೀಟರಿನ ಕಡ್ಡಿ ಇಡಬೇಡಿ. ಇಲ್ಲದ ದೋಷ ಹುಟ್ಟಿಕೊಳ್ಳುತ್ತದೆ.

ಎಲ್ಲಿ ನಿಲ್ಲುತ್ತದೆ ಅನ್ನುವುದೇ ಸುಳಿವು

ಜಿಸಿ10ಬಿಯಲ್ಲಿ ಒಂದರಿಂದ ಒಂಬತ್ತರವರೆಗಿನ ಕ್ಯಾಥೋಡುಗಳು ಟ್ಯೂಬಿನ ಒಳಗೇ ಒಂದಕ್ಕೊಂದು ಸೇರಿರುತ್ತವೆ. ಹೊರಗೆ ಬರುವುದು ಒಂದೇ ತಂತಿ. ಸೊನ್ನೆಗೆ ಮಾತ್ರ ಬೇರೆ ತಂತಿ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಎಷ್ಟೋ ಕೆಲಸ ಉಳಿಯುತ್ತದೆ.

ಸೊನ್ನೆಯಲ್ಲಿ ಮಾತ್ರ ತೊಂದರೆಯಿದೆ, ಉಳಿದ ಒಂಬತ್ತೂ ಸರಿಯಿವೆ ಅಂದುಕೊಳ್ಳಿ. ಹಾಗಾದರೆ ದೋಷ ಸೊನ್ನೆಯ ತಂತಿಯಲ್ಲಿ. ಆ ಕ್ಯಾಥೋಡಿನಿಂದ ಸಾಮಾನ್ಯವಾಗಿ 150 ಕಿಲೋ ರೆಸಿಸ್ಟರ್ ಮೈನಸ್ 20 ವೋಲ್ಟಿಗೆ ಹೋಗಿರುತ್ತದೆ. ಚುಕ್ಕಿ ಸೊನ್ನೆಗೆ ಬಂದಾಗ ಆ ರೆಸಿಸ್ಟರಿನಲ್ಲಿ ಹುಟ್ಟುವ ವೋಲ್ಟೇಜೇ ಮುಂದಿನ ಟ್ಯೂಬಿಗೆ ಹೋಗುವ ದಶಕ. ಮೈನಸ್ 20 ಸಪ್ಲೈ ಸತ್ತರೆ ಸೊನ್ನೆಯ ಕಡ್ಡಿ ಸುಮಾರು 45 ವೋಲ್ಟಿಗೆ ಏರುತ್ತದೆ, ಅಂದರೆ ಗೈಡುಗಳಿಗಿಂತ ಮೇಲಕ್ಕೆ. ಆಗ ಚುಕ್ಕಿಗೆ ಸೊನ್ನೆಗಿಂತ ಪಕ್ಕದ ಗೈಡೇ ಹಿತ ಅನ್ನಿಸುತ್ತದೆ, ಅಲ್ಲಿಗೆ ಜಾರಿಬಿಡುತ್ತದೆ. ಆ ರೆಸಿಸ್ಟರಿನ ಓಮ್ ಏರಿದ್ದರೂ ಇದೇ ಗತಿ.

ಚುಕ್ಕಿ ಸೊನ್ನೆ ಬಿಟ್ಟು ಕದಲುವುದೇ ಇಲ್ಲವಾ? ರಿಸೆಟ್ ಸ್ವಿಚ್ ನೋಡಿ. ಎಷ್ಟೋ ಸೆಟ್ಟುಗಳಲ್ಲಿ ರಿಸೆಟ್ ಒತ್ತಿದಾಗ ಆಗುವುದು ಇಷ್ಟೇ: ಒಂಬತ್ತು ಕ್ಯಾಥೋಡುಗಳ ತಂತಿ ಕ್ಷಣಕಾಲ ಕಡಿದು, ಚುಕ್ಕಿ ವಿಧಿಯಿಲ್ಲದೆ ಸೊನ್ನೆಗೆ ಬರುತ್ತದೆ. ಸ್ವಿಚ್ಚಿನ ಕಾಂಟ್ಯಾಕ್ಟ್ ಕಿಲುಬು ಹಿಡಿದು ಕೂಡದಿದ್ದರೆ ಸೆಟ್ ಸದಾ ರಿಸೆಟ್ಟಿನಲ್ಲೇ ಇದ್ದ ಹಾಗೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಇಪ್ಪತ್ತು ಸಲ ಒತ್ತಿ ಬಿಡಿ. ಆಲ್ಕೊಹಾಲ್ ಪೂರ್ತಿ ಆರಿದ ಮೇಲೇ ಕರೆಂಟ್ ಕೊಡಿ.

ಮೂರು, ಆರು, ಎಂಟು ಹೀಗೆ ಯಾವುದೋ ಒಂದೇ ಅಂಕಿಯಲ್ಲಿ ನಿಂತರೆ ಆ ಅಂಕಿಗೆಂದೇ ಹೊರಗೆ ಬೇರೆ ಬಿಡಿಭಾಗ ಇಲ್ಲ. ಹಾಗಾಗಿ ಎರಡೇ ಸಾಧ್ಯತೆ. ಒಂದು, ಆ ಕಡ್ಡಿಯ ಮೈ ಕೆಟ್ಟಿದೆ. ಎರಡು, ಕರೆಂಟೋ ಗೈಡ್ ಪಲ್ಸೋ ಒಟ್ಟಾರೆ ದುರ್ಬಲವಾಗಿದ್ದು, ಇರುವುದರಲ್ಲೇ ಸೊರಗಿದ ಕಡ್ಡಿಯಲ್ಲಿ ಅದು ಬಯಲಾಗುತ್ತಿದೆ. ನನ್ನದು ಎರಡನೆಯದು. ಹಳೇ ಟ್ಯೂಬಿನಲ್ಲಿ ಆರು, ಹೊಸದರಲ್ಲಿ ಎರಡು. ಟ್ಯೂಬ್ ಬದಲಿಸಿದಾಗ ನಿಲ್ಲುವ ಜಾಗ ಬದಲಾಗಿ ದೋಷ ಹಾಗೇ ಉಳಿದರೆ ತಪ್ಪು ಹೊರಗಿದೆ. ಇದನ್ನು ತಿಳಿಯಲು ಹೊಸ ಟ್ಯೂಬೂ ಬೇಡ. ನಿಮ್ಮ ಸೆಟ್ಟಿನಲ್ಲೇ ಬಿಡಿಗಳ ಸ್ಥಾನದ್ದನ್ನು ಹತ್ತರ ಸ್ಥಾನಕ್ಕೆ ಹಾಕಿ ನೋಡಿದರೆ ಸಾಕು.

ಗೈಡುಗಳ ಕಡೆ

ಚುಕ್ಕಿ ಮುಂದೆ ಹೋಗಿ ಹಿಂದೆ ಬರುತ್ತಾ ತೂಗಾಡುತ್ತಿದ್ದರೆ ಗೈಡ್ ಪಲ್ಸುಗಳ ಮೇಲೆ ಅನುಮಾನ ಪಡಿ. ಸುಮ್ಮನಿರುವಾಗ ಎರಡು ಗೈಡುಗಳೂ ಕ್ಯಾಥೋಡಿಗಿಂತ 36ರಿಂದ 40 ವೋಲ್ಟ್ ಮೇಲೆ ಇರಬೇಕು. ಇದು ಇಲ್ಲದಿದ್ದರೆ ಚುಕ್ಕಿ ಗೈಡಿನ ಮೇಲೇ ಮನೆ ಮಾಡಿಬಿಡುತ್ತದೆ. ಮೀಟರಿನಲ್ಲಿ 60, 70 ಕಂಡರೆ ಅದೂ ಕೆಟ್ಟದ್ದೇ. ಹಿಂದಿನ ವಾಲ್ವಿನ (ಪಲ್ಸ್ ಕೊಡುವ ಇನ್ನೊಂದು ಬಗೆಯ ಟ್ಯೂಬಿನ) ಪ್ಲೇಟಿನಿಂದ ಪಲ್ಸ್ ತರುವ ಕೆಪಾಸಿಟರ್ ಸೋರುತ್ತಿದೆ ಅಂತ ಅರ್ಥ. ಮೇಣದ ಕಾಗದದ ಹಳೇ ಕೆಪಾಸಿಟರ್ ಅಲ್ಲಿದ್ದರೆ ಪರೀಕ್ಷೆ ಕೂಡ ಬೇಡ, ತೆಗೆದು ಪಾಲಿಪ್ರೊಪಿಲೀನ್ 630 ವೋಲ್ಟಿನದು ಹಾಕಿ.

ಅನೇಕ ಸೆಟ್ಟುಗಳಲ್ಲಿ ಎರಡನೇ ಗೈಡಿಗೆ ಬೇರೆ ಪಲ್ಸ್ ಇರುವುದಿಲ್ಲ. ಮೊದಲ ಗೈಡಿನ ಪಲ್ಸನ್ನೇ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಮೂಲಕ ತಡಮಾಡಿ ಕೊಟ್ಟಿರುತ್ತಾರೆ. ಆ ಜೋಡಿಯಲ್ಲಿ ಒಂದು ಕೆಟ್ಟರೂ ಚುಕ್ಕಿ ಮೊದಲ ಗೈಡಿಗೆ ಹೋಗುತ್ತದೆ, ಎರಡನೆಯದು ಕೈ ನೀಡುವುದಿಲ್ಲ, ಹಿಂದಕ್ಕೇ ಬೀಳುತ್ತದೆ. ಆಸಿಲೋಸ್ಕೋಪ್ ಇದ್ದರೆ 10ಕ್ಕೆ 1ರ ಪ್ರೋಬ್ ಹಾಕಿ ಎರಡೂ ಗೈಡ್ ನೋಡಿ. ಪ್ರೋಬ್ ಅಷ್ಟು ವೋಲ್ಟ್ ತಡೆಯುತ್ತದಾ ಅಂತ ಮೊದಲೇ ಖಾತ್ರಿ ಮಾಡಿಕೊಳ್ಳಿ. ಒಂದರ ಹಿಂದೆ ಒಂದು ಕೆಳಕ್ಕಿಳಿಯಬೇಕು, ಪ್ರತಿಯೊಂದೂ ಸುಮಾರು 80 ಮೈಕ್ರೊಸೆಕೆಂಡ್ ಕೆಳಗೇ ಇರಬೇಕು. ಈ ಟ್ಯೂಬ್ ಸೆಕೆಂಡಿಗೆ 4,000ಕ್ಕಿಂತ ಜಾಸ್ತಿ ಎಣಿಸದಿರುವುದು ಇದಕ್ಕೇ. ಮೂರು ಜಿಗಿತಕ್ಕೂ ಅಷ್ಟಷ್ಟು ಹೊತ್ತು ಬೇಕು. ನಿಧಾನಕ್ಕೆ ಸರಿಯಾಗಿ ಎಣಿಸಿ ಜೋರಾದಾಗ ತಪ್ಪಿದರೆ, ವೇಗ ಈ ಮಿತಿಯ ಒಳಗಿದೆಯಾ ಅಂತ ಮೊದಲು ನೋಡಿ.

ಜಡ್ಡು ಹಿಡಿದ ಟ್ಯೂಬನ್ನು ಓಡಿಸಿ ಸರಿಮಾಡುವುದು

ಹೊರಗಿನದೆಲ್ಲ ಸರಿಯಿದೆ, ಆದರೂ ಒಂದೇ ಟ್ಯೂಬು ಒಂದೇ ಅಂಕಿಯಲ್ಲಿ, ಯಾವ ಸಾಕೆಟ್ಟಿಗೆ ಹಾಕಿದರೂ ನಿಲ್ಲುತ್ತದೆ. ಆಗ ದೋಷ ನಿಜಕ್ಕೂ ಟ್ಯೂಬಿನದೇ. ಆದರೂ ಕೈಬಿಡಬೇಡಿ. ವರ್ಷಗಟ್ಟಲೆ ಬಳಸದೆ ಇಟ್ಟರೆ, ಇಲ್ಲವೇ ಚುಕ್ಕಿಯನ್ನು ಒಂದೇ ಅಂಕಿಯ ಮೇಲೆ ತಿಂಗಳುಗಟ್ಟಲೆ ಉರಿಯಲು ಬಿಟ್ಟರೆ, ಕಡ್ಡಿಗಳ ಮೈ ಮೇಲೆ ಕೊಳೆ ಕೂರುತ್ತದೆ. ಚುಕ್ಕಿ ಮತ್ತೆ ಮತ್ತೆ ಹಾದುಹೋದರೆ ಆ ಕೊಳೆಯೇ ಉದುರುತ್ತದೆ.

ನಾನು ಮಾಡುವ ಕ್ರಮ ಇದು. ಮೇನ್ಸಿನ 50 ಹರ್ಟ್ಜ್‌ನಿಂದ ಎಣಿಸಲು ಬಿಡುತ್ತೇನೆ. ಮೇನ್ಸನ್ನು ನೇರ ಅಲ್ಲ, ಟ್ರಾನ್ಸ್‌ಫಾರ್ಮರಿನ 6.3 ವೋಲ್ಟ್ ಸುತ್ತಿನಿಂದ ಪಲ್ಸ್ ಸರ್ಕೀಟಿಗೆ ಕೊಟ್ಟು. ಆನೋಡ್ ರೆಸಿಸ್ಟರಿನ ಜಾಗದಲ್ಲಿ ತಾತ್ಕಾಲಿಕವಾಗಿ 330 ಕಿಲೋ ಮತ್ತು 220 ಕಿಲೋ ಸಾಲಾಗಿ. ಕರೆಂಟ್ ಸುಮಾರು 0.52 ಮಿಲಿಆಂಪ್ ಆಗುತ್ತದೆ, ಮಿತಿಯ ಒಳಗೇ. ಚುಕ್ಕಿ ಸೆಕೆಂಡಿಗೆ ಐದು ಸುತ್ತು ಹಾಕುತ್ತದೆ, ಕಣ್ಣಿಗೆ ನಡುಗುವ ಉಂಗುರದ ಹಾಗೆ ಕಾಣುತ್ತದೆ. ಎರಡು ದಿನ ಹಾಗೇ ಬಿಟ್ಟರೆ ಒಂದೊಂದು ಅಂಕಿಗೂ 8,64,000 ಸಲ ಬಂದುಹೋಗಿರುತ್ತದೆ. ಮೊದಲ ಗಂಟೆಯಲ್ಲಿ ಉಂಗುರ ಒಂದು ಕಡೆ ಹರಿದ ಹಾಗಿರುತ್ತದೆ, ಅಲ್ಲಿ ಚುಕ್ಕಿ ತಡವರಿಸುತ್ತಿರುತ್ತದೆ. ಆ ಹರುಕು ನಿಧಾನಕ್ಕೆ ಕೂಡಿಕೊಳ್ಳುವುದನ್ನು ನೋಡುವುದೇ ಒಂದು ಸಂತೋಷ. ನನ್ನ ನೂರರ ಸ್ಥಾನದ ಟ್ಯೂಬ್ ಎರಡನೇ ದಿನ ಸಂಜೆಗೆ ಸರಿಹೋಯಿತು. ಆಮೇಲೆ ಮರೆಯದೆ 800 ಕಿಲೋ ವಾಪಸ್ ಹಾಕಿ. ಗಾಜಿನ ಒಳಮೈ ಕನ್ನಡಿಯ ಹಾಗೆ ಕಪ್ಪಾಗಿರುವ ಟ್ಯೂಬಿಗೆ ಮಾತ್ರ ಇದರಿಂದ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಕಡ್ಡಿಯ ಲೋಹವೇ ಸವೆದು ಗಾಜಿಗೆ ಅಂಟಿರುತ್ತದೆ.

ಓಡಿಸುತ್ತಿದ್ದರೆ ಇವು ಎಷ್ಟು ಬಾಳುತ್ತವೆ ಅನ್ನುವುದಕ್ಕೆ ಹಾರ್ವೆಲ್ ಕಂಪ್ಯೂಟರ್ ಸಾಕ್ಷಿ. 1951ರಲ್ಲಿ ಇಂಗ್ಲೆಂಡಿನ ಹಾರ್ವೆಲ್ ಅಣು ಸಂಶೋಧನಾ ಕೇಂದ್ರದಲ್ಲಿ ಓಡಲು ಶುರುವಾದ ಯಂತ್ರ. ಅದರ ನೆನಪಿನ ಭಂಡಾರ 828 ಡೆಕಾಟ್ರಾನುಗಳು. 1957ರಲ್ಲಿ ವುಲ್ವರ್‌ಹ್ಯಾಂಪ್ಟನ್ನಿನ ಕಾಲೇಜಿಗೆ ಹೋಗಿ ‘ವಿಚ್’ ಅಂತ ಹೆಸರಾಯಿತು, 1973ರವರೆಗೆ ದುಡಿಯಿತು. ದುರಸ್ತಿಯಾಗಿ 2012ರ ನವೆಂಬರಿನಲ್ಲಿ ಬ್ಲೆಚ್ಲಿ ಪಾರ್ಕಿನ ನ್ಯಾಷನಲ್ ಮ್ಯೂಸಿಯಂ ಆಫ್ ಕಂಪ್ಯೂಟಿಂಗ್‌ನಲ್ಲಿ ಮತ್ತೆ ಎಣಿಸತೊಡಗಿತು. ಅಷ್ಟು ಟ್ಯೂಬುಗಳನ್ನು ಸಾಕುವವರು ಇರುವಾಗ ನಾಲ್ಕನ್ನು ನೋಡಿಕೊಳ್ಳುವುದು ಕಷ್ಟವಲ್ಲ.

ಕೊನೆಯ ಪರೀಕ್ಷೆ

ರಿಪೇರಿ ಆಯಿತು ಅಂತ ತಕ್ಷಣ ಮುಚ್ಚಳ ಹಾಕಬೇಡಿ. ಐದು ನಿಮಿಷ ಸರಿಯಾಗಿ ಓಡಿ, ಬಿಸಿಯಾದ ಮೇಲೆ ತಪ್ಪುವ ಸೆಟ್ಟುಗಳಿವೆ. ಒಂದು ಪಲ್ಸ್ ಮೂಲ ತೆಗೆದುಕೊಂಡು ಅದನ್ನೇ ಸ್ಕೇಲರಿಗೂ ಒಂದು ಆರ್ಡುಯಿನೊ (ಸಣ್ಣ ಪ್ರೋಗ್ರಾಂ ಬೋರ್ಡ್) ಕೌಂಟರಿಗೂ ಕೊಡಿ. ಎರಡನ್ನೂ ಸೊನ್ನೆ ಮಾಡಿ, ಒಟ್ಟಿಗೆ ಶುರುಮಾಡಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಪಲ್ಸ್ ನಿಲ್ಲಿಸಿ ಆರ್ಡುಯಿನೊದ ಕೊನೆಯ ನಾಲ್ಕು ಅಂಕಿಗಳನ್ನು ಟ್ಯೂಬುಗಳ ಜೊತೆ ಹೋಲಿಸಿ. ಒಂದು ಹೆಚ್ಚುಕಡಿಮೆ ಬಂದರೂ ಬಿಡಬೇಡಿ, ಮತ್ತೊಂದು ರಾತ್ರಿ ಓಡಿಸಿ. ಹತ್ತು ಹತ್ತರ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಬಿಡಿಗಳ ಟ್ಯೂಬಿನಿಂದ ದಶಕ ದಾಟುವ ಜಾಗದಲ್ಲಿ ಹುಡುಕಿ, ನೂರು ನೂರರದ್ದಾದರೆ ಅದರ ಮುಂದಿನದರಲ್ಲಿ. ನನ್ನ ಸೆಟ್ ಮೊದಲ ರಾತ್ರಿ 20 ಕಡಿಮೆ ತೋರಿಸಿತು. ಹತ್ತರ ಟ್ಯೂಬಿಗೆ ಪಲ್ಸ್ ಕೊಡುವ ವಾಲ್ವಿನ ಸಾಕೆಟ್ಟಿನಲ್ಲಿ ಒಂದು ಕಾಲು ಸಡಿಲವಿತ್ತು. ಬಿಗಿಮಾಡಿದ ಮೇಲೆ ಎರಡನೇ ರಾತ್ರಿ ನಾಲ್ಕೂ ಅಂಕಿ ಕೂಡಿಬಂದವು.